ಮೈಸೂರು ಝೂನ ನಿಧಾನಕ್ಕೆ ನೋಡೋದು ಹೇಗೆ

ಮನೆಗೆ ನೆಂಟರು ಬಂದ್ರು ಅಂದ್ರೆ ಮೈಸೂರಿನವರ ಟೈಮ್‌ಟೇಬಲ್ ಫಿಕ್ಸು. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಝೂ, ಸಂಜೆ ಬೆಟ್ಟ, ಟೈಮ್ ಇದ್ರೆ ಕೆಆರ್‌ಎಸ್. ಇದ್ರಲ್ಲಿ ಪಾಪ ಝೂಗೆ ಸಿಗೋದು ಉರಿಬಿಸಿಲಿನ ಹೊತ್ತು, ಹೊಟ್ಟೆ ತುಂಬ ಊಟ ಮಾಡ್ಕೊಂಡು ಹನ್ನೆರಡೂವರೆಗೋ ಒಂದಕ್ಕೋ ಒಳಗೆ ನುಗ್ಗಿ ಮಕ್ಕಳ ಕೈ ಹಿಡ್ಕೊಂಡು ದರದರ ಎಳ್ಕೊಂಡು ಒಂದು ರೌಂಡ್ ಹೊಡ್ದು "ಹುಲಿ ಮಲಗಿತ್ತು, ಸಿಂಹನೂ ಮಲಗಿತ್ತು, ನಮಗೆ ಕಾಲು ನೋವು ಬಂತು" ಅಂತ ಹೊರಗೆ ಬರೋದು. ನಾನೂ ವರ್ಷಗಟ್ಟಲೆ ಹಿಂಗೇ ನೋಡಿದ್ದು. ಆಮೇಲೆ ಅಕ್ಕನ ಮಕ್ಕಳನ್ನ ಕರ್ಕೊಂಡು ಹೋಗೋ ಡ್ಯೂಟಿ ನನ್ನ ತಲೆಗೆ ಬಿತ್ತು, ಅವ್ರು ಕೇಳೋ ಪ್ರಶ್ನೆಗೆ ಉತ್ತರ ಹುಡುಕ್ತಾ ಹುಡುಕ್ತಾ ಗೊತ್ತಾಯ್ತು, ಈ ಜಾಗದಲ್ಲಿ ಮುಖ್ಯವಾಗಿ ನಡಿಯೋ ಕೆಲ್ಸ ನಾವು ನಡ್ಕೊಂಡು ಹೋಗೋ ದಾರೀಲಿ ಕಾಣೋದೇ ಇಲ್ಲ, ಆದ್ರೆ ಅದರ ಗುರುತು ಮಾತ್ರ ಎಲ್ಲಾ ಕಡೆ ಇದೆ, ನೋಡೋಕೆ ಕಲೀಬೇಕು ಅಷ್ಟೆ. ಅದನ್ನೇ ಇಲ್ಲಿ ಬರೀತಿದೀನಿ.

ಹೋಗೋಕೆ ಮುಂಚೆ

ಮಂಗಳವಾರ ರಜಾ. ಇದನ್ನ ಎಷ್ಟು ಸಲ ಹೇಳಿದ್ರೂ ಪ್ರತಿ ಮಂಗಳವಾರ ಗೇಟ್ ಮುಂದೆ ಯಾವುದಾದ್ರೂ ಒಂದು ಫ್ಯಾಮಿಲಿ ಪೆಚ್ಚುಮೋರೆ ಹಾಕ್ಕೊಂಡು ನಿಂತೇ ಇರುತ್ತೆ. ಬೇರೆ ದಿನ ಬೆಳಿಗ್ಗೆ 8.30ಕ್ಕೆ ತೆಗೀತಾರೆ, ಸಂಜೆ 5.30ರ ತನಕ. ನೀವು 8.30ಕ್ಕೇ ಗೇಟ್ ಹತ್ರ ಇರಿ. ಸುಮ್ನೆ ಹೇಳ್ತಿಲ್ಲ, ಬೆಳಗಿನ ಮೊದಲ ಎರಡು ಗಂಟೆ ಪ್ರಾಣಿಗಳು ಓಡಾಡ್ತಾ ಇರ್ತವೆ, ಕೂಗ್ತಾ ಇರ್ತವೆ, ಹನ್ನೆರಡರಿಂದ ಮೂರರವರೆಗೆ ಕಾಡಲ್ಲಿದ್ರೂ ಅವು ನೆರಳಲ್ಲಿ ಬಿದ್ಕೊಂಡೇ ಇರೋದು, ಇಲ್ಲಿ ನಿಮಗೋಸ್ಕರ ಎದ್ದು ಕುಣೀತವಾ? ಬೆಳಿಗ್ಗೆ ಆಗಲ್ಲ ಅಂದ್ರೆ ಸಂಜೆ ನಾಲ್ಕರ ಹೊತ್ತು ಪರವಾಗಿಲ್ಲ, ಆದ್ರೆ ಆಗ ಪೂರ್ತಿ ಸುತ್ತೋಕೆ ಟೈಮ್ ಸಾಲಲ್ಲ. ದಸರಾ ಟೈಮು, ಭಾನುವಾರ, ಕ್ರಿಸ್‌ಮಸ್ ರಜೆ, ಇವಿಷ್ಟು ಬಿಟ್ಟುಬಿಡಿ, ಆವಾಗ ಕಾಣೋದು ಜನರ ಬೆನ್ನು ಮಾತ್ರ.

ಟಿಕೆಟ್ ರೇಟು ಆಗಾಗ ಬದಲಾಗುತ್ತೆ, ವೆಬ್‌ಸೈಟ್‌ನಲ್ಲಿ ನೋಡ್ಕೊಳಿ, ಆನ್‌ಲೈನ್‌ನಲ್ಲೇ ತಗೊಂಡ್ರೆ ಕ್ಯೂ ತಪ್ಪುತ್ತೆ. ಪಕ್ಕದ ಕಾರಂಜಿ ಕೆರೆ ಸೇರಿಸಿ ಕಾಂಬೋ ಟಿಕೆಟ್ ಇರುತ್ತೆ, ಅದನ್ನೇ ತಗೊಳ್ಳಿ ಅಂತೀನಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಪ್ಲಾಸ್ಟಿಕ್ ಒಳಗೆ ಬಿಡಲ್ಲ. ಸ್ಟೀಲ್ ಬಾಟ್ಲಿ ತಗೊಂಡು ಹೋದ್ರೆ ತಲೆನೋವೇ ಇಲ್ಲ. ಒಳಗೆ ಒಟ್ಟು ದಾರಿ 3 ಕಿಲೋಮೀಟರ್ ಮೇಲೇನೇ ಆಗುತ್ತೆ, ವಯಸ್ಸಾದವರಿದ್ರೆ ಬ್ಯಾಟರಿ ಗಾಡಿ ಇದೆ, ಆದ್ರೆ ಗಾಡೀಲಿ ಹೋದ್ರೆ ನಿಂತು ನೋಡೋಕೆ ಆಗಲ್ಲ ಅನ್ನೋದು ನೆನಪಿರಲಿ. ಇನ್ನೊಂದು ವಿಷಯ, ದಾರಿ ಒನ್‌ವೇ ಥರ ಇದೆ, "ಆಮೇಲೆ ವಾಪಸ್ ಬಂದು ನೋಡೋಣ" ಅಂತ ಬಿಟ್ಟು ಮುಂದೆ ಹೋದ್ರೆ ಆ ಆಮೇಲೆ ಬರಲ್ಲ.

ಇಷ್ಟೆಲ್ಲಾ ಆದ್ಮೇಲೆ ನಿಜವಾದ ತಯಾರಿ ಏನಪ್ಪಾ ಅಂದ್ರೆ ಮನೇಲೇ ಕೂತು ಮೂರೇ ಮೂರು ಪ್ರಾಣಿ ಆರಿಸ್ಕೊಳ್ಳಿ. ಮೂರು ಸಾಕು. ಉಳಿದಿದ್ದನ್ನ ನಡೀತಾ ನೋಡಿ, ಈ ಮೂರಕ್ಕೆ ಮಾತ್ರ ಒಂದೊಂದಕ್ಕೆ 20 ನಿಮಿಷ ಕೊಡಿ, ವಾಚ್ ನೋಡ್ಕೊಂಡು. ನನ್ನ ಲಿಸ್ಟ್ ಕೇಳಿದ್ರೆ ಸಿಂಗಳೀಕ, ತೋಳ, ಸೀಳುನಾಯಿ. ಹುಲಿ ಇಲ್ವಾ ಅಂತ ಕೇಳ್ಬೇಡಿ, ಹುಲಿಗೆ ಅಭಿಮಾನಿಗಳು ಬೇಕಾದಷ್ಟು ಜನ ಇದಾರೆ.

ಜಾಗದ ಹಿನ್ನೆಲೆ ಒಂಚೂರು

ಇದು ಶುರುವಾಗಿದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಸುಮಾರು 10 ಎಕರೆ ಜಾಗದಲ್ಲಿ, ಅರಮನೆಯವರದೇ ಒಂದು ಪ್ರಾಣಿ ಸಂಗ್ರಹ ಅಂತ. ಜನರಿಗೆ ಅಂತ ತೆಗೆದಿದ್ದು ಆಮೇಲೆ, 1909ರಲ್ಲಿ ಅವರ ಹೆಸರನ್ನೇ ಇಟ್ರು, ಅದಕ್ಕೇ ಇವತ್ತಿಗೂ ಬೋರ್ಡಲ್ಲಿ ಶ್ರೀ ಚಾಮರಾಜೇಂದ್ರ ಮೃಗಾಲಯ ಅಂತ ಇರೋದು. ಲಾಲ್‌ಬಾಗ್‌ನಲ್ಲಿ ಕೆಲ್ಸ ಮಾಡಿದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಇದರ ಗಿಡಮರ, ದಾರಿಗಳಿಗೂ ಕೈ ಹಾಕಿದಾರೆ, ಬೇಸಿಗೇಲೂ ಒಳಗೆ ತಂಪಾಗಿರೋದು ಈ ಹಳೇ ಮರಗಳ ಪುಣ್ಯ. 1948ರಲ್ಲಿ ಸರ್ಕಾರದ ಕೈಗೆ ಬಂತು, ಮೊದಲು ಪಾರ್ಕು-ತೋಟದವರ ಕೈಲಿ ಇತ್ತು, 1972ರಲ್ಲಿ ಅರಣ್ಯ ಇಲಾಖೆಗೆ ಹೋಯ್ತು, 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ಆಯ್ತು. ಈಗ ಕೆರೆಯೂ ಸೇರಿ ಒಟ್ಟು 157 ಎಕರೆ.

ಈ ಇಸವಿಗಳನ್ನೆಲ್ಲಾ ಬಾಯಿಪಾಠ ಮಾಡಿ ಅಂತಲ್ಲ, ಒಂದು ವಿಷಯಕ್ಕೆ ಹೇಳಿದೆ. ರಾಜರ ಕಾಲದಲ್ಲಿ ಝೂ ಅಂದ್ರೆ ಕಾಡಿಂದ ಹಿಡ್ಕೊಂಡು ಬರೋದು, ಹಡಗಲ್ಲಿ ತರಿಸೋದು, ಯಾರ ಹತ್ರ ಎಷ್ಟು ವಿಚಿತ್ರ ಪ್ರಾಣಿ ಇದೆ ಅನ್ನೋ ಪೈಪೋಟಿ, ಪ್ರಪಂಚದಲ್ಲೆಲ್ಲಾ ಹಂಗೇ ಇದ್ದಿದ್ದು. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ, ಆಮೇಲೆ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ್ಮೇಲೆ, ಝೂಗೆ ಅಂತ ಕಾಡಿಗೆ ಹೋಗಿ ಹಿಡ್ಕೊಂಡು ಬರೋ ಆಟ ಮುಗೀತು. ಹಂಗಾಗಿ ಇವತ್ತು ನಿಮ್ಮ ಮುಂದಿರೋ ಪ್ರಾಣಿ ಸಾಮಾನ್ಯವಾಗಿ ಮೂರು ದಾರೀಲಿ ಬಂದಿರುತ್ತೆ, ಒಂದು ಇಲ್ಲೇ ಹುಟ್ಟಿದ್ದು, ಇನ್ನೊಂದು ಬೇರೆ ಝೂ ಜೊತೆ ವಿನಿಮಯ ಮಾಡ್ಕೊಂಡಿದ್ದು, ಮತ್ತೊಂದು ಎಲ್ಲೋ ಕಷ್ಟದಲ್ಲಿ ಸಿಕ್ಕಿ ಕಾಪಾಡಿ ತಂದಿದ್ದು. ಪ್ರತಿ ಎನ್‌ಕ್ಲೋಷರ್ ಮುಂದೆ ನಿಂತಾಗ ಈ ಪ್ರಶ್ನೆ ಕೇಳ್ಕೊಳಿ, ಇದು ಯಾವ ದಾರೀಲಿ ಬಂದಿದ್ದು? ಮಕ್ಕಳಿಗಂತೂ ಇದು ಒಳ್ಳೇ ಆಟ.

ಬೋರ್ಡ್ ಓದೋದು

ಪ್ರಾಣಿ ನೋಡೋಕೆ ಮುಂಚೆ ಬೋರ್ಡ್ ಓದಿ. ಹೆಸರು ಬಿಟ್ಟು ಎರಡು ವಿಷಯ ಹುಡುಕಿ. ಒಂದು, ಇದು ಎಲ್ಲಿ ಸಿಗುತ್ತೆ ಅನ್ನೋದು. ಎರಡು, ಅಳಿವಿನಂಚಿನ ಯಾವ ಹಂತದಲ್ಲಿದೆ ಅನ್ನೋದು. ಇವೆರಡನ್ನ ಜೋಡಿಸಿದ್ರೆ ಅರ್ಧ ಕಥೆ ಗೊತ್ತಾಗುತ್ತೆ. ಪ್ರಪಂಚದ ಹತ್ತು ದೇಶದಲ್ಲಿ ಇರೋ ಪ್ರಾಣಿ ಬೇರೆ, ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ ಇದ್ದು ಅದೂ ಕೆಲವೇ ಸಾವಿರ ಉಳಿದಿರೋ ಸಿಂಗಳೀಕ ಬೇರೆ. ಎರಡನೇದು ಇಲ್ಲಿ ಹೋಯ್ತು ಅಂದ್ರೆ ಪ್ರಪಂಚದಿಂದಲೇ ಹೋದಂಗೆ.

ಇನ್ಶೂರೆನ್ಸ್ ಅಂತಾರಲ್ಲ, ಝೂಗಳು ತಳಿ ಉಳಿಸೋದು ಆ ಲೆಕ್ಕದಲ್ಲಿ. ಮಣಿಪುರದ ಸಂಗಾಯ್ ಜಿಂಕೆ ವಿಷಯ ಕೇಳಿರಬಹುದು, 1950ರ ಸುಮಾರಿಗೆ ಪೂರ್ತಿ ಹೋಯ್ತು ಅಂತಲೇ ಅಂದ್ಕೊಂಡಿದ್ರು, ಆಮೇಲೆ ಸಿಕ್ತು, 1975ರಲ್ಲಿ ಮೇಲಿಂದ ಹಾರಿ ಎಣಿಸಿದಾಗ ಇದ್ದಿದ್ದು ಬರೀ 14. ಅಂಥ ಟೈಮಲ್ಲಿ ಬೇರೆ ಊರಿನ ಝೂಗಳಲ್ಲಿ ಒಂದಷ್ಟು ಸಂಸಾರ ಇದ್ರೆ ಎಷ್ಟು ಧೈರ್ಯ ನೋಡಿ, ಒಂದು ರೋಗ ಒಂದು ಪ್ರವಾಹ ಬಂದು ಆ 14ನ್ನೂ ತಗೊಂಡು ಹೋದ್ರೂ ವಂಶ ಅಂತ ಉಳ್ಕೊಳ್ಳುತ್ತೆ.

ಸಿಂಗಳೀಕದ ಮುಂದೆ 20 ನಿಮಿಷ

ನಾವು ಹೋದಾಗ ಮೊದಲ ಐದು ನಿಮಿಷ ಏನೂ ಆಗ್ಲಿಲ್ಲ. ದೊಡ್ಡವಳು ನೋಟ್‌ಬುಕ್ ತಂದಿದ್ಲು, ಚಿಕ್ಕವನಿಗೆ ಆಗಲೇ ಬೋರು, "ಮಾಮ ಹೋಗಣ" ಅಂತ ಪ್ಯಾಂಟ್ ಎಳೀತಿದ್ದ. ಕರಿ ಮೈ, ಮುಖದ ಸುತ್ತ ಬೂದಿ ಬಣ್ಣದ ಕೇಸರ, ಬಾಲದ ತುದೀಲಿ ಸಿಂಹದ ಥರ ಕುಚ್ಚು, ಇಷ್ಟು ನೋಡ್ಕೊಂಡು ಬಹಳಷ್ಟು ಜನ "ಏ ಕರಿ ಕೋತಿ" ಅಂದು ಹೋಗ್ತಾನೇ ಇದ್ರು. ಆರನೇ ನಿಮಿಷಕ್ಕೋ ಏನೋ ಮೇಲಿನ ಕೊಂಬೇಲಿ ಕೂತಿದ್ದ ಒಂದು ಹೆಣ್ಣು ಕೆಳಗೆ ಇಳೀತು. ನೆಲಕ್ಕೆ ಬರಲಿಲ್ಲ, ನೆಲಕ್ಕೆ ಒಂದು ಮೊಳ ಮೇಲೆ ಅಡ್ಡ ಕಟ್ಟಿದ್ದ ಮರದ ಮೇಲೆ ನಿಂತು ಕೈ ಚಾಚಿ ನೆಲದಲ್ಲಿದ್ದ ಹಣ್ಣಿನ ತುಂಡು ತಗೊಂಡು ಮತ್ತೆ ಮೇಲೆ. ತಿನ್ನಲಿಲ್ಲ, ಕೆನ್ನೆ ಚೀಲದಲ್ಲಿ ಇಟ್ಕೊಳ್ತು, ಮತ್ತೆ ಇಳೀತು, ಮತ್ತೆ ಅದೇ. ಚಿಕ್ಕವನು ಸುಮ್ಮನಾದ. "ಮಾಮ ಅದು ಯಾಕೆ ಕೆಳಗೆ ಕಾಲಿಡಲ್ಲ?"

ಇದೇ ಪ್ರಶ್ನೇಲಿ ಇಡೀ ಪಶ್ಚಿಮ ಘಟ್ಟದ ಸಮಸ್ಯೆ ಇದೆ ಕಣ್ರೀ. ಸಿಂಗಳೀಕ ಮರದ ಮೇಲಿನ ಜೀವ, ಅದರ ಹಾದಿ ಅಂದ್ರೆ ಕೊಂಬೆಯಿಂದ ಕೊಂಬೆ. ಮೇಲುಗಡೆ ಮರಗಳ ತಲೆ ಒಂದಕ್ಕೊಂದು ತಾಗ್ತಿದ್ರೆ ಅದಕ್ಕೆ ಕಾಡು, ನಡುವೆ ಒಂದು ರೋಡೋ ತೋಟವೋ ವಿದ್ಯುತ್ ಲೈನೋ ಬಂದು ಗ್ಯಾಪ್ ಆಯ್ತು ಅಂದ್ರೆ ಅದರ ಪಾಲಿಗೆ ಅಲ್ಲಿಗೆ ಊರು ಮುಗೀತು. ಶರಾವತಿ, ಅಘನಾಶಿನಿ ಕಡೆ ಕಾಡಲ್ಲಿ ಇವು ಇವೆ, ಕೇರಳ ತಮಿಳುನಾಡು ಕಡೆ ಇವೆ, ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ಸಂಬಂಧವೇ ಇಲ್ಲದಂಗೆ ಕಾಡು ತುಂಡಾಗಿದೆ. ಇದನ್ನೆಲ್ಲಾ ನಾನು ಹುಡುಗನಿಗೆ ಎಷ್ಟು ಹೇಳಿದ್ನೋ ಅವನಿಗೆ ಎಷ್ಟು ಅರ್ಥ ಆಯ್ತೋ, ಆದ್ರೆ ಮನೆಗೆ ಬಂದು ಸೋಫಾದಿಂದ ಕುರ್ಚಿಗೆ ಕುರ್ಚಿಯಿಂದ ಮಂಚಕ್ಕೆ ಹಾರ್ತಾ ನೆಲಕ್ಕೆ ಕಾಲಿಡಲ್ಲ ಅಂತ ಹಠ ಹಿಡಿದ, ಅಕ್ಕ ನನ್ನನ್ನ ಬೈದ್ಲು.

ನೀವು ನೋಡೋವಾಗ ಮಾಡ್ಬೇಕಾಗಿರೋದು ಇಷ್ಟೇ. ಒಂದೇ ಪ್ರಾಣಿ ಮೇಲೆ ಕಣ್ಣಿಡಿ, ಗುಂಪಿನ ಮೇಲಲ್ಲ. ಅದು ಯಾರ ಪಕ್ಕ ಕೂರುತ್ತೆ, ಯಾರು ಬಂದ್ರೆ ಜಾಗ ಬಿಡುತ್ತೆ, ಯಾರ ತಲೆ ಹೇನು ನೋಡುತ್ತೆ. ಫೋನ್ ಜೇಬಲ್ಲಿಡಿ, ಮೊದಲ ಹತ್ತು ನಿಮಿಷ ಫೋಟೋ ಬೇಡ. ಗಂಡು ಕೂಗಿದ್ರೆ ಅದೃಷ್ಟ, ಕಾಡಲ್ಲಿ ಬಹಳ ದೂರಕ್ಕೆ ಕೇಳೋ ಕೂಗು ಅದು.

ಅದೇ ಜಾಗಕ್ಕೆ ಸುತ್ತೋ ಪ್ರಾಣಿ

ಒಂದು ಪ್ರಾಣಿ ಅದೇ ಮೂಲೆಯಿಂದ ಅದೇ ಮೂಲೆಗೆ, ಅದೇ ಜಾಗದಲ್ಲಿ ತಿರುಗಿ, ಅದೇ ಹೆಜ್ಜೆ ಗುರುತಿನ ಮೇಲೆ ಹತ್ತು ಸಲ ಇಪ್ಪತ್ತು ಸಲ ಓಡಾಡ್ತಿದ್ರೆ ಅದು "ವಾಕಿಂಗ್" ಅಲ್ಲ. ಮನಸ್ಸಿಗೆ ಕೆಲ್ಸ ಇಲ್ಲದೆ ಬರೋ ಅಭ್ಯಾಸ ಅದು, ಪ್ರಪಂಚದ ಯಾವ ಝೂನಲ್ಲಾದ್ರೂ ಕಾಣಿಸ್ಬಹುದು, ಊಟದ ಹೊತ್ತಿಗೆ ಸ್ವಲ್ಪ ಜಾಸ್ತಿ. ಇದನ್ನ ನೋಡಿದ ತಕ್ಷಣ ಝೂಗಳನ್ನೇ ಮುಚ್ಚಬೇಕು ಅನ್ನೋರಿದಾರೆ, ನನಗೂ ಒಂದೊಂದ್ ಸಲ ಹಂಗೇ ಅನ್ಸುತ್ತೆ, ಸುಳ್ಳು ಹೇಳಲ್ಲ. ಅದಕ್ಕೇ ಅದರ ಜೊತೆ ಇನ್ನೊಂದು ವಿಷಯನೂ ನೋಡಿ, ಆ ಪ್ರಾಣಿಗೆ ಮಾಡೋಕೆ ಏನಾದ್ರೂ ಕೊಟ್ಟಿದಾರಾ ಅಂತ. ನೇತು ಹಾಕಿದ ದಿಮ್ಮಿ, ಹಗ್ಗ, ಟೈರು, ತೂತಿನ ಒಳಗೆ ಬಚ್ಚಿಟ್ಟ ಊಟ, ಎತ್ತರದಲ್ಲಿ ಕಟ್ಟಿದ ಸೊಪ್ಪು, ಉರುಳಾಡೋಕೆ ಕೆಸರು, ಜನರ ಕಣ್ಣಿಂದ ಮರೆಯಾಗೋಕೆ ಪೊದೆ. ಬೇಸಿಗೇಲಿ ಆನೆಗೆ ಸ್ಪ್ರಿಂಕ್ಲರು, ಕರಡಿಗೆ ಹಣ್ಣು ಹಾಕಿದ ಐಸು, ಇದೆಲ್ಲಾ ಪೇಪರ್‌ನಲ್ಲಿ ಫೋಟೋ ಬರೋಕೆ ಮಾತ್ರ ಅಲ್ಲ. ಪ್ರಾಣಿ ಪೊದೆ ಹಿಂದೆ ಹೋಗಿ ಕೂತು ಕಾಣಿಸ್ತಿಲ್ಲ ಅಂದ್ರೆ "ದುಡ್ಡು ವೇಸ್ಟ್" ಅನ್ಬೇಡಿ, ಬಚ್ಚಿಟ್ಕೊಳ್ಳೋಕೆ ಜಾಗ ಇರೋ ಎನ್‌ಕ್ಲೋಷರೇ ಒಳ್ಳೇ ಎನ್‌ಕ್ಲೋಷರು.

ಕೀಪರ್ ಸಿಕ್ಕಿದ್ರೆ ಮಾತಾಡಿಸಿ. ಕ್ಲೀನಿಂಗ್ ಮಾಡ್ತಿರೋವಾಗ ಬೇಡ, ಬಿಡುವಾಗಿ ನಿಂತಿದ್ದಾಗ, "ಅಣ್ಣಾ, ಇವಕ್ಕೆ ಊಟ ಎಷ್ಟೊತ್ತಿಗೆ?" ಅಂತ ಶುರು ಮಾಡಿ. "ಇದನ್ನ ಹೊರಗೆ ಕರೀರಿ, ಎಬ್ಬಿಸಿ" ಅಂತ ಮಾತ್ರ ಕೇಳ್ಬೇಡಿ, ಅಲ್ಲಿಗೆ ಮಾತು ಮುಗೀತು. ನನಗೆ ಒಬ್ರು ಹೇಳಿದ್ರು, ಮಾಂಸ ತಿನ್ನೋವಕ್ಕೆ ವಾರಕ್ಕೊಂದು ದಿನ ಉಪವಾಸ ಅಂತ, ಕಾಡಲ್ಲಿ ದಿನಾ ಬೇಟೆ ಸಿಗುತ್ತಾ ಸಾರ್ ಅಂದ್ರು. ಅಕ್ಕನ ಮಗಳು ತಕ್ಷಣ "ಅಜ್ಜಿ ಥರ, ಶನಿವಾರ ಒಪ್ಪೊತ್ತು" ಅಂದ್ಲು, ಅವರಿಗೆ ನಗು ತಡೆಯೋಕೆ ಆಗ್ಲಿಲ್ಲ.

ಬಿಳಿ ಹುಲಿ, ಗೊರಿಲ್ಲಾ, ಚೀತಾ

ಬಿಳಿ ಹುಲಿ ಹತ್ರ ಜನ ಮುಗಿಬೀಳ್ತಾರೆ. ನೋಡಿ, ಬೇಡ ಅನ್ನಲ್ಲ, ಚೆನ್ನಾಗೇ ಇದೆ. ಆದ್ರೆ ಬಿಳಿ ಹುಲಿ ಅನ್ನೋದು ಬೇರೆ ತಳಿ ಅಲ್ಲ, ಬಣ್ಣದ ಜೀನ್‌ನ ಒಂದು ವ್ಯತ್ಯಾಸ ಅಷ್ಟೆ, 1951ರಲ್ಲಿ ಮಧ್ಯಪ್ರದೇಶದ ಕಡೆಯ ರೇವಾ ಮಹಾರಾಜರು ಹಿಡಿದ ಮೋಹನ್ ಅನ್ನೋ ಒಂದು ಮರಿಯ ವಂಶದಿಂದಲೇ ಝೂಗಳಲ್ಲಿರೋ ಬಿಳಿ ಹುಲಿಗಳು ಹೆಚ್ಚುಕಮ್ಮಿ ಎಲ್ಲಾ ಬಂದಿರೋದು, ಅದಕ್ಕೋಸ್ಕರ ಹತ್ತಿರದ ಸಂಬಂಧದಲ್ಲೇ ಮರಿ ಮಾಡಿಸಿ ಮಾಡಿಸಿ. ಸಂರಕ್ಷಣೆ ದೃಷ್ಟಿಯಿಂದ ಅದರ ಪಕ್ಕದಲ್ಲಿರೋ ಹಳದಿ ಹುಲಿಗೆ ಇರೋ ಬೆಲೆ ಇದಕ್ಕಿಲ್ಲ. ಇದು ನನ್ನ ತಕರಾರು, ಮಕ್ಕಳ ಮುಂದೆ ಹೇಳಿದ್ರೆ ಯಾರೂ ಕೇಳಲ್ಲ.

ಗೊರಿಲ್ಲಾ ಕಥೆ ಬೇರೆ. ನಮ್ಮ ವಯಸ್ಸಿನೋರಿಗೆಲ್ಲಾ ಪೋಲೋ ನೆನಪಿರುತ್ತೆ, 1995ರಲ್ಲಿ ಡಬ್ಲಿನ್‌ನಿಂದ ಬಂದಿದ್ದು, ಇಡೀ ದೇಶಕ್ಕೆ ಒಂದೇ ಗೊರಿಲ್ಲಾ, 2014ರಲ್ಲಿ ತೀರ್ಕೊಳ್ತು. ವರ್ಷಗಟ್ಟಲೆ ತನ್ನ ಜಾತಿಯ ಇನ್ನೊಂದು ಮುಖ ನೋಡದೇ, ನಮ್ಮ ಮುಖಗಳನ್ನೇ ನೋಡ್ಕೊಂಡು. ಈಗ ಥಾಬೋ ಮತ್ತೆ ಡೆಂಬಾ ಇದಾವೆ, ಅಣ್ಣ ತಮ್ಮ, 2021ರಲ್ಲಿ ಜರ್ಮನಿಯಿಂದ ಬಂದಿದ್ದು. ಎರಡೂ ಗಂಡು, ಮರಿ ಎಲ್ಲಿಂದ ಬರುತ್ತೆ ಅಂತ ಕೇಳೋರಿಗೆ ಉತ್ತರ ಇದೆ. ಗೊರಿಲ್ಲಾ ಸಂಸಾರದಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಗಂಡು, ಹುಟ್ಟೋದು ಮಾತ್ರ ಗಂಡು ಹೆಣ್ಣು ಸಮಸಮ, ಬೆಳೆದ ಗಂಡುಗಳಿಗೆ ಮನೇಲಿ ಜಾಗ ಇರಲ್ಲ. ಅಂಥವಕ್ಕೆ ಬ್ಯಾಚುಲರ್ ರೂಮ್ ಥರ ಬೇರೆ ಜಾಗ ಬೇಕು, ಆ ಜಾಗ ಇದ್ರೇನೇ ಯೂರೋಪಿನ ಝೂಗಳಲ್ಲಿ ತಳಿ ಕಾರ್ಯಕ್ರಮ ಮುಂದುವರಿಯೋದು. ಈ ಅಣ್ಣತಮ್ಮಂದಿರ ಮುಂದೆ ನಿಂತಾಗ ಅವು ಒಂದಕ್ಕೊಂದು ಎಷ್ಟು ದೂರದಲ್ಲಿ ಕೂರ್ತವೆ ಅಂತ ನೋಡ್ತಾ ಇರಿ, ಪೋಲೋ ನೋಡಿದ್ದವರಿಗೆ ಹೊಟ್ಟೇಲಿ ಒಂಥರಾ ಆಗುತ್ತೆ.

ಚೀತಾ 2011ರಲ್ಲಿ ಜರ್ಮನಿಯಿಂದ ಬಂತು, 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮತ್ತೆ ಬಂತು. ಹೋದಾಗ ಇದ್ರೆ ಕಣ್ಣಿಂದ ಬಾಯಿವರೆಗೆ ಇಳಿಯೋ ಕರಿ ಗೆರೆ ನೋಡಿ, ಚಿರತೆಗೆ ಅದಿಲ್ಲ. ಒಂದು ಕಾಲದಲ್ಲಿ ನಮ್ಮ ಬಯಲಲ್ಲೂ ಇದ್ದ ಪ್ರಾಣಿ, 1952ರಲ್ಲಿ ಭಾರತದಿಂದ ಅಳಿದುಹೋಗಿದೆ ಅಂತ ಘೋಷಿಸಿದ್ರು, ಆಮೇಲೆ 2022ರಲ್ಲಿ ಮಧ್ಯಪ್ರದೇಶದ ಕುನೋ ಕಾಡಿಗೆ ನಮೀಬಿಯಾದಿಂದ ತಂದ್ರು. ಅದು ಹೋದ ಬಯಲಲ್ಲೇ ಇವತ್ತಿಗೂ ಉಳ್ಕೊಂಡಿರೋದು ತೋಳ, ಹಾಗಾಗಿ ಚೀತಾ ಆದ್ಮೇಲೆ ತೋಳ ನೋಡಿದ್ರೆ ಸರಿಯಾಗುತ್ತೆ. ತೋಳಕ್ಕೆ ದಟ್ಟ ಕಾಡು ಬೇಡ, ಕುರಿ ಮೇಯೋ ಹುಲ್ಲುಗಾವಲು ಸಾಕು, ಆ ಹುಲ್ಲುಗಾವಲನ್ನ ನಾವು ಸರ್ಕಾರಿ ದಾಖಲೇಲಿ ಪಾಳು ಭೂಮಿ ಅಂತ ಬರ್ಕೊಂಡಿದೀವಿ. ಸೀಳುನಾಯಿನೂ ಅಷ್ಟೆ, ಬ್ರಿಟಿಷರ ಕಾಲದಲ್ಲಿ ಕೊಂದವರಿಗೆ ಇನಾಮು ಕೊಡ್ತಿದ್ರು. ಎರಡರ ಮುಂದೆಯೂ ಜನ ನಿಲ್ಲಲ್ಲ, "ನಾಯಿ ತಾನೇ" ಅಂತಾರೆ. ನಿಮಗೆ ಆರಾಮಾಗಿ ಜಾಗ ಸಿಗುತ್ತೆ, ನಿಂತ್ಕೊಳ್ಳಿ.

ಮಾಡಬಾರದ್ದು

ಊಟ ಹಾಕ್ಬೇಡಿ, ಕೂಗ್ಬೇಡಿ, ಗಾಜು ತಟ್ಬೇಡಿ, ಕಲ್ಲು ಎಸೀಬೇಡಿ. ವನ್ಯಜೀವಿ ಕಾಯ್ದೆಯ 38ಜೆ ಕಲಂ ಇರೋದೇ ಇದಕ್ಕೆ, ಜೈಲೂ ಆಗಬಹುದು ದಂಡನೂ ಆಗಬಹುದು. ಒಂದ್ಸಲ ನಮ್ಮ ಪಕ್ಕ ಒಬ್ಬರು ಕೋತಿಗೆ ಅಂತ ಬಾಳೆಹಣ್ಣು ಸುಲೀತಿದ್ರು, ಬೇಡ ಸಾರ್ ಅಂದೆ, "ಒಂದು ಹಣ್ಣು ತಾನೇ, ದೇವರಿಗೆ ಕೊಟ್ಟಂಗೆ" ಅಂದ್ರು. ಅವರ ಭಕ್ತಿ ಮೇಲೆ ನನಗೇನೂ ಕೋಪ ಇಲ್ಲ, ಆದ್ರೆ ನಮ್ಮ ಕೆಮ್ಮು ನೆಗಡಿ ಟಿಬಿ ಎಲ್ಲಾ ಕೋತಿ, ಚಿಂಪಾಂಜಿಗಳಿಗೆ ಹತ್ತುತ್ತೆ, ನಾವು ಮುಟ್ಟಿ ಸುಲಿದ ಹಣ್ಣಲ್ಲೇ ಹೋಗುತ್ತೆ. ನೆಗಡಿ ಜ್ವರ ಇದ್ರೆ ಆ ದಿನ ಹೋಗಲೇಬೇಡಿ. 2017ರಲ್ಲಿ ಹಕ್ಕಿಜ್ವರ ಅಂತ ಇಡೀ ಝೂನ ಸುಮಾರು ಒಂದು ತಿಂಗಳು ಮುಚ್ಚಿದ್ದು ನೆನಪಿದ್ಯಾ? ರೋಗ ಅಂದ್ರೆ ಝೂನವರಿಗೆ ಅಷ್ಟು ಭಯ, ಅದಕ್ಕೇ ಎಲ್ಲಾದ್ರೂ ಕಾಲು ಅದ್ದೋ ಔಷಧಿ ನೀರು ಇಟ್ಟಿದ್ರೆ ಪಕ್ಕದಲ್ಲಿ ಜಿಗಿದು ಹೋಗ್ಬೇಡಿ, ಅದ್ದಿ ಹೋಗಿ.

ಕಾಣದೇ ಇರೋ ಭಾಗ

ಊರ ಹೊರಗೆ ಕೂರ್ಗಳ್ಳೀಲಿ ಮೈಸೂರು ಝೂನವರದ್ದೇ ಇನ್ನೊಂದು ಜಾಗ ಇದೆ, ಚಾಮುಂಡಿ ಪ್ರಾಣಿ ಪುನರ್ವಸತಿ ಕೇಂದ್ರ, ನೂರು ಎಕರೆಗೂ ಜಾಸ್ತಿ. ಜನರಿಗೆ ಪ್ರವೇಶ ಇಲ್ಲ, ಹೋಗೋಕೆ ಟ್ರೈ ಮಾಡ್ಬೇಡಿ. ಬಂಡೀಪುರ, ನಾಗರಹೊಳೆ ಅಂಚಿನ ಊರಲ್ಲಿ ದನ ಹಿಡಿದ ಹುಲಿ, ಉರುಳಿಗೆ ಸಿಕ್ಕಿ ಕಾಲು ಕಳ್ಕೊಂಡ ಚಿರತೆ, ತಾಯಿ ಸತ್ತ ಮರಿ, ಇಂಥವೆಲ್ಲಾ ಬರೋದು ಅಲ್ಲಿಗೆ. ಪೇಪರ್‌ನಲ್ಲಿ "ಹುಲಿ ಸೆರೆ" ಅಂತ ಹೆಡ್ಡಿಂಗ್ ಓದಿ ನಾವು ಪುಟ ತಿರುಗಿಸ್ತೀವಲ್ಲ, ಅದರ ಮುಂದಿನ ಕಥೆ ಎಷ್ಟೋ ಸಲ ನಡಿಯೋದು ಅಲ್ಲಿ. ಕಾಡುಕೋಣದ ತಳಿ ಕೆಲಸವೂ ಅಲ್ಲೇ, ಜನರ ಗಲಾಟೆ ಇಲ್ಲದ ಕಡೆ.

ಕಾಣದ ಇನ್ನೊಂದು ಕೆಲ್ಸ ಲೆಕ್ಕ ಬರೆಯೋದು. ಮುಖ್ಯ ತಳಿಗಳಿಗೆ ವಂಶಾವಳಿ ಪುಸ್ತಕ ಇರುತ್ತೆ, ಅಪ್ಪ ಯಾರು ಅಮ್ಮ ಯಾರು ಎಲ್ಲಿ ಹುಟ್ಟಿದ್ದು, ಜಾತಕ ನೋಡಿದಂಗೆ ನೋಡಿಯೇ ಜೋಡಿ ಮಾಡೋದು, ಒಂದೇ ರಕ್ತ ಆಗಬಾರದು ಅಂತ. ಜೋಡಿ ಸಿಗದಿದ್ರೆ ಬೇರೆ ಊರಿನ ಝೂ ಜೊತೆ ವಿನಿಮಯ, ದುಡ್ಡಿನ ವ್ಯವಹಾರ ಇಲ್ಲ, ಪ್ರಾಣಿಗೆ ಪ್ರಾಣಿ, ಅದಕ್ಕೂ ಕೇಂದ್ರ ಪ್ರಾಧಿಕಾರದ ಒಪ್ಪಿಗೆ ಬೇಕು. ಮೈಸೂರಲ್ಲಿ ಜಿರಾಫೆ ಚೆನ್ನಾಗಿ ಮರಿ ಹಾಕ್ತವೆ, ಬನ್ನೇರುಘಟ್ಟಕ್ಕೂ ಇಲ್ಲಿಂದಲೇ ಹೋಗಿದ್ದು. ಮುಂದಿನ ಸಲ ಲಾರೀಲಿ ಎತ್ತರದ ಪೆಟ್ಟಿಗೆ ಒಳಗಿಂದ ಕತ್ತು ಹೊರಗೆ ಹಾಕಿರೋ ಜಿರಾಫೆ ಫೋಟೋ ನೋಡಿದ್ರೆ ಅದು ಮದುವೆ ದಿಬ್ಬಣ ಅಂದ್ಕೊಳಿ.

ದುಡ್ಡು ಕೊಡೋದಾದ್ರೆ

ಮೈಸೂರು ಝೂ ನಡಿಯೋದು ಬಹುಪಾಲು ನಮ್ಮ ಟಿಕೆಟ್ ದುಡ್ಡಲ್ಲೇ. ಕೋವಿಡ್‌ನಲ್ಲಿ ಗೇಟ್ ಮುಚ್ಚಿದಾಗ ಗೊತ್ತಾಯ್ತು ಅದರ ಕಷ್ಟ, ಆದಾಯ ಸೊನ್ನೆ, ಆನೆ ಮಾತ್ರ ಅಷ್ಟೇ ತಿನ್ನುತ್ತೆ. 2021ರಲ್ಲಿ ಪ್ರಾಣಿಗಳನ್ನ ದತ್ತು ತಗೊಳ್ಳಿ ಅಂತ ಕರೆ ಬಂದಾಗ ಜನ ಮುಗಿಬಿದ್ದು ತಗೊಂಡ್ರು, ಚಿಕ್ಕ ಊರಿನ ಗೆಳೆಯರ ಬಳಗದವರು ಚಂದಾ ಎತ್ತಿ ತಗೊಂಡಿದ್ದೂ ಇದೆ. ಆ ಸ್ಕೀಮು ಈಗಲೂ ಇದೆ. ಮನೆಗೆ ತಗೊಂಡು ಹೋಗೋದಲ್ಲ (ಒಬ್ಬರು ನಿಜವಾಗಲೂ ಕೇಳಿದಾರೆ), ಒಂದು ಪ್ರಾಣಿಯ ಇಷ್ಟು ದಿನದ ಖರ್ಚು ನೀವು ಕೊಡೋದು. ಚಿಕ್ಕ ಹಕ್ಕಿಗೆ ಕಮ್ಮಿ, ಆನೆಗೆ ವರ್ಷಕ್ಕೆ ಲಕ್ಷದ ಮೇಲೆ. ವೆಬ್‌ಸೈಟಲ್ಲೇ ಮಾಡ್ಬಹುದು, ಸರ್ಟಿಫಿಕೇಟ್ ಬರುತ್ತೆ, ಟ್ಯಾಕ್ಸ್ ವಿನಾಯಿತಿನೂ ಸಿಗುತ್ತೆ.

ನನ್ನ ಸಲಹೆ ಏನಂದ್ರೆ ಹುಟ್ಟಿದ ಹಬ್ಬಕ್ಕೆ ಮಾಡಿ, ಮತ್ತೆ ಹುಲಿ ಸಿಂಹ ಬಿಟ್ಟು ಯಾರೂ ಕೇಳದೇ ಇರೋದನ್ನ ತಗೊಳ್ಳಿ. ನಮ್ಮ ದೊಡ್ಡವಳು ಹುಂಡಿ ಒಡೆದು ಒಂದು ಆಮೆ ತಗೊಂಡ್ಲು, ಯಾಕೆ ಆಮೆ ಅಂದ್ರೆ "ಅದು ತುಂಬಾ ವರ್ಷ ಬದುಕುತ್ತೆ, ಲಾಭ" ಅಂದ್ಲು. ಸರ್ಟಿಫಿಕೇಟ್ ಫ್ರಿಜ್ ಮೇಲೆ ಅಂಟಿಸಿದೆ. ಮಕ್ಕಳಿಗೆ ಇನ್ನೂ ಆಸಕ್ತಿ ಇದ್ರೆ ಝೂನವರ ಬೇಸಿಗೆ ಶಿಬಿರ, ಯೂತ್ ಕ್ಲಬ್ ಇದೆ, ಯಾವಾಗ ಅರ್ಜಿ ಕರೀತಾರೆ ಅಂತ ಗಮನ ಇಟ್ಟಿರಿ, ಸೀಟ್ ಬೇಗ ತುಂಬುತ್ತೆ.

ಆಮೆ ಅಂದ್ಮೇಲೆ ನೆನಪಾಯ್ತು. ಮನೇಲಿ ನಕ್ಷತ್ರ ಆಮೆ, ಪಂಜರದಲ್ಲಿ ನಮ್ಮ ಹಸಿರು ಗಿಣಿ ಸಾಕೋದು ಅಪರಾಧ, ಅದೃಷ್ಟ ಗಿದೃಷ್ಟ ಏನೂ ಬರಲ್ಲ. ಗಾಯ ಆದ ಕಾಡುಪ್ರಾಣಿ, ಹಕ್ಕಿ ಸಿಕ್ಕಿದ್ರೆ ನೀವೇ ಡಬ್ಬೀಲಿ ಹಾಕ್ಕೊಂಡು ಝೂ ಗೇಟಿಗೆ ಬರ್ಬೇಡಿ, ನೀರು ಹಾಲು ಕುಡಿಸೋಕೆ ಹೋಗ್ಬೇಡಿ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಕೊನೆಗೆ ಕಾರಂಜಿ ಕೆರೆ

ಝೂ ಮುಗಿಸಿದಾಗ ಹನ್ನೊಂದೂವರೆ ಹನ್ನೆರಡು ಆಗಿರುತ್ತೆ, ಕಾಲು ಸೋತಿರುತ್ತೆ, ಆದ್ರೂ ಆ ಕಾಂಬೋ ಟಿಕೆಟ್ ಇದೆಯಲ್ಲ, ಏನಾದ್ರೂ ತಿಂದ್ಕೊಂಡು ಪಕ್ಕದ ಕೆರೆಗೆ ಹೋಗಿ. 1976ರಿಂದ ಇದೂ ಝೂನದ್ದೇ. ನಾವೇ ಒಳಗೆ ನಡ್ಕೊಂಡು ಹೋಗೋ ದೊಡ್ಡ ಹಕ್ಕಿಮನೆ ಇದೆ, ಚಿಟ್ಟೆ ಪಾರ್ಕ್ ಇದೆ, ಆದ್ರೆ ನಾನು ಕಳಿಸ್ತಿರೋದು ಅದಕ್ಕಲ್ಲ. ಕೆರೆ ನಡುವಿನ ಮರಗಳ ಮೇಲೆ ಕೊಕ್ಕರೆ, ನೀರುಕಾಗೆ, ಹೆಜ್ಜಾರ್ಲೆ ಕೂತಿರ್ತವೆ, ಅವನ್ನ ಯಾರೂ ತಂದು ಬಿಟ್ಟಿಲ್ಲ, ಊಟ ಯಾರೂ ಹಾಕಲ್ಲ, ಬೇಕಾದಾಗ ಬರ್ತವೆ ಬೇಡ ಅಂದಾಗ ಹಾರಿ ಹೋಗ್ತವೆ. ದಂಡೇಲಿ ನೆರಳಿರೋ ಬೆಂಚ್ ಹುಡುಕಿ ಕೂತ್ಕೊಳಿ, ಎದುರಿಗೆ ಚಾಮುಂಡಿ ಬೆಟ್ಟ. ನಮ್ಮ ಚಿಕ್ಕವನು ಅಲ್ಲೇ ನನ್ನ ತೊಡೆ ಮೇಲೆ ನಿದ್ದೆ ಹೋದ, ದೊಡ್ಡವಳು ನೋಟ್‌ಬುಕ್ ತೆಗೆದು "ಇದು ಯಾವ ದಾರೀಲಿ ಬಂದಿದ್ದು" ಅಂತ ಬರ್ಕೊಂಡಿದ್ದ ಲಿಸ್ಟ್‌ನಲ್ಲಿ ನಾಲ್ಕನೇ ಸಾಲು ಸೇರಿಸಿದ್ಲು, "ತಾನಾಗೇ ಬಂದಿದ್ದು".